ಹೀಲ್ಸಿನ ಜೀವ ನಡುವಿನ ಉಕ್ಕಿನಲ್ಲಿ: ಹುಬ್ಬಳ್ಳಿ ಪ್ಯಾಟಿಯ ಎತ್ತರದ ಜೋಡುಗಳ ವಿಮರ್ಶೆ

ದುರ್ಗದಬೈಲಿನ ಬೀದಿಬದಿಯ ಸಾಲಿನಿಂದ ಕೊಪ್ಪೀಕರ್ ರಸ್ತೆ, ಬ್ರಾಡ್‌ವೇಯ ಅಂಗಡಿಗಳವರೆಗೆ, ಅಲ್ಲಿಂದ ಗೋಕುಲ ರಸ್ತೆಯ ಮಾಲ್‌ವರೆಗೆ ಎಲ್ಲೇ ಹೋದರೂ ಹೆಣ್ಣುಮಕ್ಕಳ ಹೀಲ್ಸ್ ಮುಖ್ಯವಾಗಿ ನಾಲ್ಕು ನಮೂನಿ. ಹಿಂಬಡ ದಪ್ಪಗೆ ಚೌಕವಾಗಿರುವ ಬ್ಲಾಕ್, ಬೆರಳ ಬುಡದಿಂದ ಹಿಂಬಡದವರೆಗೆ ಒಂದೇ ದಿಮ್ಮಿಯಾಗಿರುವ ವೆಡ್ಜ್, ನಮ್ಮಲ್ಲಿ ಪೆನ್ಸಿಲ್ ಹೀಲ್ ಎನ್ನುವ ಸ್ಟಿಲೆಟೊ, ಮುಂದೂ ಹಿಂದೂ ಎತ್ತರವಿರುವ ಪ್ಲಾಟ್‌ಫಾರ್ಮ್. ಧಾರವಾಡದ ಸುಭಾಸ ರಸ್ತೆಯಲ್ಲೂ ಇದೇ ಸರಕು. ಅಂಗಡಿಯಲ್ಲಿ ಮಾತೆಲ್ಲ ಬಣ್ಣ, ಇಂಚು, ರೇಟಿನದು. ಆದರೆ ಜೋಡು ಎಷ್ಟು ದಿನ ಬಾಳುತ್ತದೆ, ಅದರಲ್ಲಿ ಕಾಲು ಎಷ್ಟು ಹೊತ್ತು ತಡೆಯುತ್ತದೆ ಎಂಬುದನ್ನು ತೀರ್ಮಾನಿಸುವ ಭಾಗ ಹೊರಗೆ ಕಾಣುವುದೇ ಇಲ್ಲ. ಪಾದದ ಕಮಾನಿನ ಕೆಳಗೆ, ಇನ್‌ಸೋಲ್ ಮತ್ತು ಸೋಲ್ ನಡುವೆ ಹುದುಗಿಸಿಟ್ಟ ಬೆರಳಗಲದ ಉಕ್ಕಿನ ಪಟ್ಟಿ ಅದು. ಕಸುಬಿನವರು ಅದಕ್ಕೆ ಷ್ಯಾಂಕ್ ಎನ್ನುತ್ತಾರೆ. ಹಿಂಬಡವನ್ನು ಎತ್ತರಕ್ಕೇರಿಸಿದಾಗ ಜೋಡಿನ ನಡು ಆಧಾರವಿಲ್ಲದೆ ಗಾಳಿಯಲ್ಲಿ ನಿಲ್ಲುತ್ತದೆ. ಆ ನಡುವನ್ನು ಕುಸಿಯದಂತೆ ಹಿಡಿಯುವುದೇ ಷ್ಯಾಂಕಿನ ಕೆಲಸ. ಹೀಲ್ಸಿನ ಇತಿಹಾಸದ ಕೆಲವು ದೊಡ್ಡ ತಿರುವುಗಳೂ ಈ ಒಂದು ತೊಡಕನ್ನು ಬಿಡಿಸುವ ಹಾದಿಯಲ್ಲೇ ಬಂದವು. ಅದಕ್ಕೇ ಇಲ್ಲಿ ಪ್ಯಾಟಿಯ ಸರಕನ್ನು ಅದರ ಹುಟ್ಟಿನ ಜತೆಗೇ ಇಟ್ಟು ನೋಡಲಾಗಿದೆ.

ಎತ್ತರದ ಹಿಂಬಡ ಮೊದಲು ಬಂದದ್ದು ಕುದುರೆ ಸವಾರರ ಕಾಲಿಗೆ. ಪರ್ಷಿಯಾದ ಸವಾರರು ರಿಕಾಪಿನಲ್ಲಿ ಎದ್ದು ನಿಂತು ಬಿಲ್ಲು ಹೂಡುವಾಗ ಕಾಲು ಮುಂದಕ್ಕೆ ಜಾರದಂತೆ ತಡೆಯುತ್ತಿದ್ದದ್ದು ಈ ಹಿಂಬಡ. ಷಾ ಅಬ್ಬಾಸ್ 1599ರಲ್ಲಿ ತನ್ನ ರಾಯಭಾರಿಗಳನ್ನು ಯುರೋಪಿಗೆ ಕಳಿಸಿದ ಮೇಲೆ ಅಲ್ಲಿನ ಸಿರಿವಂತ ಗಂಡಸರಿಗೆ ಪರ್ಷಿಯಾದ ಉಡುಗೆಯ ಹುಚ್ಚು ಹಿಡಿಯಿತು, ಹಿಂಬಡವೂ ಅದರೊಂದಿಗೆ ದಾಟಿತು. ಟೊರಾಂಟೊದ ಬಾಟಾ ಶೂ ಮ್ಯೂಸಿಯಂನಲ್ಲಿ 17ನೇ ಶತಮಾನದ ಪರ್ಷಿಯಾದ ಒಂದು ಜೋಡು ಇದೆ. ಕುದುರೆ ಚರ್ಮ ಹಸಿಯಿರುವಾಗ ಸಾಸಿವೆ ಕಾಳು ಒತ್ತಿ, ಒಣಗಿದ ಮೇಲೆ ಉಳಿಯುವ ಗುಳಿಗಳಿಂದಲೇ ಅದಕ್ಕೆ ಮೈಚಿತ್ತಾರ. ಫ್ರಾನ್ಸಿನ 14ನೇ ಲೂಯಿ ತನ್ನ ಹಿಂಬಡಕ್ಕೆ ಕೆಂಪು ಬಳಿಸಿದ. ಆ ಕೆಂಪು ಆಸ್ಥಾನದ ಮರ್ಜಿ ಪಡೆದವರ ಗುರುತಾಯಿತು. ಹಯಸಿಂತ್ ರಿಗೋ 1701ರಲ್ಲಿ ಬರೆದ ರಾಜನ ಚಿತ್ರದಲ್ಲಿ ಆ ಕೆಂಪು ಹಿಂಬಡಗಳು ಇವತ್ತಿಗೂ ಎದ್ದು ಕಾಣುತ್ತವೆ. ಫ್ರಾನ್ಸಿನ ಜೋಡು ವಿನ್ಯಾಸಕ ಕ್ರಿಶ್ಚಿಯನ್ ಲುಬುಟಾನ್ ಕೆಂಪು ಸೋಲಿಗೆ ಹೆಸರಾದದ್ದು ಅದಾಗಿ ಮೂರು ಶತಮಾನ ಕಳೆಯುವ ಹೊತ್ತಿಗೆ, 1990ರ ದಶಕದಲ್ಲಿ. 18ನೇ ಶತಮಾನದಲ್ಲಿ ಗಂಡಸರು ಹೀಲ್ಸ್ ಬಿಟ್ಟರು. ಫ್ರಾನ್ಸಿನ ಕ್ರಾಂತಿಯ ಹೊತ್ತಿಗೆ ಹೆಂಗಸರೂ ಚಪ್ಪಟೆ ಜೋಡಿಗೆ ಇಳಿದರು. ಎತ್ತರ ಮತ್ತೆ ಬಂದದ್ದು 19ನೇ ಶತಮಾನದ ನಡುಗಾಲದಲ್ಲಿ.

ಯುರೋಪಿಗೆ ಹೀಲ್ಸ್ ಮೊದಲು ಬಂದ ಕಾಲದ ಕುಶಲಿಗರಿಗೆ ಒಂದು ದೊಡ್ಡ ತೊಡಕಿತ್ತು. ಹಿಂಬಡವಿರುವ ಜೋಡಿಗೆ ಎಡಕ್ಕೊಂದು ಬಲಕ್ಕೊಂದು ಮರದ ಅಚ್ಚನ್ನು ಕನ್ನಡಿ ಬಿಂಬದಂತೆ ಕೆತ್ತುವುದು ಕೈಕೆಲಸದಲ್ಲಿ ಬಹಳ ಕಷ್ಟ. ಹಾಗಾಗಿ ಹೀಲ್ಸ್ ಬಂದ ಮೇಲೆ ಯುರೋಪಿನಲ್ಲಿ ಎಡ-ಬಲ ಭೇದವೇ ಹೋಗಿ, ಎರಡೂ ಕಾಲಿಗೆ ಒಂದೇ ಅಚ್ಚು ಬಂತು. ಇವತ್ತು ಮದುವೆ ಸೀಸನ್ನಿನಲ್ಲಿ ನಮ್ಮಲ್ಲಿ ಮಾರುವ ಸಾಂಪ್ರದಾಯಿಕ ಜುತ್ತಿಗಳೂ ಇದೇ ರೀತಿಯವು. ತೊಟ್ಟು ತೊಟ್ಟು ಅವೇ ಎಡ-ಬಲ ಆಗಬೇಕು.

ಈಗ ಬ್ಲಾಕ್ ಹೀಲಿಗೆ ಬರೋಣ. ಹುಬ್ಬಳ್ಳಿಯ ನೆಲಕ್ಕೆ ಇದಕ್ಕಿಂತ ಹೊಂದುವ ಹೀಲ್ ಬೇರೆ ಇಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಲೆಕ್ಕ ಸರಳವಾಗಿದೆ. 60 ಕೆ.ಜಿ. ತೂಕದವರು ಹೆಜ್ಜೆ ಊರುವಾಗ ಅರ್ಧ ಭಾರವೇ ಹಿಂಬಡಕ್ಕೆ ಬಿತ್ತೆಂದುಕೊಂಡರೂ 30 ಕೆ.ಜಿ. ಆಯಿತು. ಪೆನ್ಸಿಲ್ ಹೀಲಿನ ತುದಿ ಹೆಚ್ಚೆಂದರೆ 1 ಚದರ ಸೆಂಟಿಮೀಟರ್. 4 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಬ್ಲಾಕಿನ ತುದಿ 16 ಚದರ ಸೆಂಟಿಮೀಟರ್. ಕಾರಿನ ಟೈರಿಗೆ ತುಂಬಿಸುವ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು ಎರಡೂಕಾಲು ಕೆ.ಜಿ. ಬ್ಲಾಕ್ ಹೀಲಿನ ಒತ್ತಡ ಅದಕ್ಕಿಂತ ಕಡಿಮೆ, ಪೆನ್ಸಿಲ್ ಹೀಲಿನದು ಅದರ ಹದಿಮೂರು ಪಟ್ಟು. ಹಳೆ ಮನೆ, ಹಳೆ ಕಲ್ಯಾಣಮಂಟಪಗಳ ಶಹಾಬಾದ್ ಫರಸಿಯ ಸಂದುಗಳು, ಗಟಾರದ ಮೇಲಿನ ಜಾಲರಿಗಳು, ರಿಸೆಪ್ಶನ್ ಲಾನುಗಳು, ಒಂದು ಮಳೆಗೆ ಮೆತ್ತಗಾಗುವ ಎರಿ ಮಣ್ಣು, ಇವೆಲ್ಲ ಪೆನ್ಸಿಲ್ ಹೀಲನ್ನು ಹಿಡಿದು ನಿಲ್ಲಿಸುತ್ತವೆ. ಬ್ಲಾಕ್ ಇವುಗಳ ಮೇಲೆ ಹಾಯಾಗಿ ದಾಟುತ್ತದೆ. ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರ್ಮ್ 1,507 ಮೀಟರ್. ಬೋಗಿ ಹುಡುಕುತ್ತ ಅದರಲ್ಲಿ ನಡೆಯಬೇಕಾದವರು ಎತ್ತರದ ಆಸೆಯನ್ನು 5 ಸೆಂ.ಮೀ.ಗೆ ನಿಲ್ಲಿಸುವುದು ಒಳ್ಳೆಯದು.

ಬ್ಲಾಕಿನಲ್ಲಿ ಮೋಸ ನಡೆಯುವುದು ಹೊರಮೈಯಲ್ಲಿ. ಹಿಂದೆ ಹಿಂಬಡವನ್ನು ಚರ್ಮದ ಪದರಗಳನ್ನು ಒಂದರ ಮೇಲೊಂದು ಪೇರಿಸಿ ಮಾಡುತ್ತಿದ್ದರು. ಇಲ್ಲವೇ ಮರ ಕೆತ್ತಿ ಮೇಲೆ ಚರ್ಮ ಹೊದಿಸುತ್ತಿದ್ದರು. ಪದರದ ಕೆಲಸ ನೋಡಬೇಕೆಂದರೆ ದೂರ ಹೋಗಬೇಕಿಲ್ಲ, ಕೊಲ್ಲಾಪುರಿ ಚಪ್ಪಲಿಯ ಹಿಂಬಡ ನೋಡಿದರೆ ಸಾಕು. ಆ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆಗೆ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಸೇರಿದ್ದು, ಅವುಗಳಲ್ಲಿ ಧಾರವಾಡವೂ ಒಂದು. ಪ್ಯಾಟಿಯ ಬ್ಲಾಕ್ ಹೀಲಿನ ಮೇಲೆ ಕಾಣುವ ಪದರದ ಗೆರೆಗಳು ಬಹುಪಾಲು ಪ್ಲಾಸ್ಟಿಕ್ಕಿಗೆ ಸುತ್ತಿದ ಮುದ್ರಿತ ಹಾಳೆ. ಹಿಂಬಡದ ಹಿಂದೆ ಅಥವಾ ಒಳಬದಿಯಲ್ಲಿ ಹಾಳೆ ಕೂಡುವ ಜೋಡಣೆ ಕಂಡರೆ, ಗೆರೆಗಳು ಅಲ್ಲಿ ತಪ್ಪಿದರೆ, ಅದು ಹಾಳೆಯೇ. ಪ್ಲಾಸ್ಟಿಕ್ ಇರುವುದು ದೋಷವಲ್ಲ. ಎಬಿಎಸ್ ಪ್ಲಾಸ್ಟಿಕ್ಕಿನ ಹಿಂಬಡ ಗಟ್ಟಿ, ಮೊಳೆ ಹಿಡಿಯುತ್ತದೆ. ಆದರೆ ಚರ್ಮದ ಬೆಲೆ ಹೇಳಿದರೆ ಕೊಡಬಾರದು.

ಕೌಂಟರಿನ ಮೇಲೆ ಮಾಡಬೇಕಾದ ಪರೀಕ್ಷೆಗೆ ಐದು ನಿಮಿಷ ಸಾಕು. ಜೋಡನ್ನು ಸಮನಾದ ಗಾಜಿನ ಮೇಲೆ ಇಟ್ಟು ಹಿಂದಿನಿಂದ ನೋಡಿ. ಹಿಂಬಡ ನೆಟ್ಟಗಿರಬೇಕು, ತುದಿಯ ಇಡೀ ಮೈ ಗಾಜಿಗೆ ತಾಗಿರಬೇಕು. ತುದಿಯ ಮುಂದಿನ ಅಂಚೋ ಹಿಂದಿನ ಅಂಚೋ ಮಾತ್ರ ತಾಗಿದ್ದರೆ ಹಿಂಬಡವನ್ನು ತಪ್ಪು ಕೋನದಲ್ಲಿ ಕೂರಿಸಿದ್ದಾರೆ, ಅಂಥದ್ದು ಎಷ್ಟು ತೊಟ್ಟರೂ ಸರಿಯಾಗುವುದಿಲ್ಲ. ಮೇಲಿನಿಂದ ಒಂದು ಬೆರಳಲ್ಲಿ ಒತ್ತಿ ಅಲುಗಾಡಿಸಿ. ಬಳಿಕ ಹೆಬ್ಬೆರಳಿನಿಂದ ಇನ್‌ಸೋಲಿನ ನಡುವನ್ನು, ಅಂದರೆ ಕಮಾನು ಕೂರುವ ಜಾಗವನ್ನು, ಜೋರಾಗಿ ಒತ್ತಿ. ಅದು ತಗ್ಗಬಾರದು. ಎರಡು ಕೈಯಲ್ಲಿ ಮುಂಭಾಗ ಮತ್ತು ಹಿಂಬಡ ಹಿಡಿದು ಮಡಚಿದಾಗ ಜೋಡು ಬೆರಳ ಬುಡದಲ್ಲಿ ಮಾತ್ರ ಬಾಗಬೇಕು. ನಡುವಿನಲ್ಲಿ ಬಾಗಿದರೆ ಷ್ಯಾಂಕ್ ಇಲ್ಲ, ಅಥವಾ ಬರೀ ರಟ್ಟು ಇಟ್ಟಿದ್ದಾರೆ. ಇನ್ನೂ ಖಾತ್ರಿ ಬೇಕಿದ್ದರೆ ಪುಟ್ಟ ಆಯಸ್ಕಾಂತ ಒಯ್ಯಿರಿ. ಇನ್‌ಸೋಲಿನ ನಡುವೆ ಇಟ್ಟಾಗ ಅದು ಎಳೆದು ಹಿಡಿದರೆ ಒಳಗೆ ಉಕ್ಕಿದೆ.

ಷ್ಯಾಂಕ್ ಇಲ್ಲದ ಜೋಡು ಅಂಗಡಿಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಏನೂ ಗೊತ್ತಾಗದು. ವಾರ ಕಳೆದ ಮೇಲೆ ನಡು ಕುಸಿಯುತ್ತದೆ, ಹಿಂಬಡ ಮುಂದಕ್ಕೆ ಇಲ್ಲವೇ ಹಿಂದಕ್ಕೆ ವಾಲುತ್ತದೆ, ಹಿಂಬಡದ ಮೊಳೆಗಳು ಸಡಿಲಾಗಿ ಸಂದು ಬಿಡುತ್ತದೆ. ಹೀಲ್ ಮುರೀತು ಎಂದು ಜನ ಹೇಳುವ ಬಹುತೇಕ ಪ್ರಸಂಗಗಳಲ್ಲಿ ಹೀಲ್ ಗಟ್ಟಿಯಾಗಿಯೇ ಇರುತ್ತದೆ, ಸೋತಿರುವುದು ಅದರ ಮುಂದಿನ ನಡು. ಒಳ್ಳೆಯ ಜೋಡಿನಲ್ಲಿ ಹಿಂಬಡವನ್ನು ಒಳಗಿನಿಂದ ಒಂದು ಸ್ಕ್ರೂ ಮತ್ತು ಸುತ್ತಲೂ ನಾಲ್ಕೈದು ಮೊಳೆಗಳಿಂದ ಕೂರಿಸಿರುತ್ತಾರೆ. ಅಗ್ಗದ್ದರಲ್ಲಿ ಗೋಂದು ಮತ್ತು ಎರಡು ಪಿನ್ನು. ಹಿಂಬಡವನ್ನು ಹಿಡಿದು ಹಿಂದಕ್ಕೆ ಎಳೆದಾಗ ಜೋಡಿನ ಮೈ ಮತ್ತು ಹಿಂಬಡದ ನಡುವೆ ಕೂದಲೆಳೆಯ ಸಂದು ತೆರೆದರೂ ಅದನ್ನು ವಾಪಸು ಇಡಿ.

ಸಾವಿರ ರೂಪಾಯಿಯೊಳಗಿನ ಸರಕಿನಲ್ಲಿ ಉಕ್ಕಿನ ಷ್ಯಾಂಕ್ ಸಿಗುವ ಭರವಸೆ ಕಡಿಮೆ. ಹಾಗಾದರೆ ಆ ದರಕ್ಕೆ ಏನು ಕೊಳ್ಳಬೇಕು? ಇದಕ್ಕೆ ಉತ್ತರ 1930ರ ದಶಕದ ಇಟಲಿಯಲ್ಲಿದೆ. ಸಾಲ್ವತೋರ್ ಫೆರಗಾಮೊ ಕಮಾನಿನ ಕೆಳಗೆ ಉಕ್ಕಿನ ಪಟ್ಟಿ ಇಟ್ಟೇ ಹೆಸರು ಮಾಡಿದ್ದ ಕುಶಲಿಗ. ಇಟಲಿ ಅಬಿಸೀನಿಯಾದ (ಇಂದಿನ ಇಥಿಯೋಪಿಯಾ) ಮೇಲೆ ದಂಡೆತ್ತಿ ಹೋದಾಗ ರಾಷ್ಟ್ರಸಂಘ ಅದರ ಮೇಲೆ ಆರ್ಥಿಕ ದಿಗ್ಬಂಧನ ಹೇರಿತು, ಒಳ್ಳೆಯ ಉಕ್ಕು ಸಿಗದಾಯಿತು. ಸಿಕ್ಕ ಉಕ್ಕಿನ ಪಟ್ಟಿಗಳು ಮುರಿಯತೊಡಗಿದವು. ಆಗ ಆತ ಸಾರ್ಡೀನಿಯಾದ ಕಾರ್ಕ್ ತುಂಡುಗಳನ್ನು ಅಂಟಿಸಿ, ಹಿಂಬಡ ಮತ್ತು ಮುಂಭಾಗದ ನಡುವಿನ ಟೊಳ್ಳನ್ನೇ ತುಂಬಿಬಿಟ್ಟ. ನಡು ಗಾಳಿಯಲ್ಲಿಲ್ಲ ಎಂದ ಮೇಲೆ ಅದನ್ನು ಎತ್ತಿ ಹಿಡಿಯಲು ಉಕ್ಕೇಕೆ? ವೆಡ್ಜ್ ಹುಟ್ಟಿದ್ದು ಹೀಗೆ, 1937ರಲ್ಲಿ ಪೇಟೆಂಟೂ ಆಯಿತು. ಅಂದು ಉಕ್ಕು ಸಿಗದ ಕಾಲಕ್ಕೆ ಕಂಡುಕೊಂಡ ದಾರಿ ಇಂದು ಉಕ್ಕು ಹಾಕದ ಸರಕಿಗೂ ಸರಿಯಾದ ದಾರಿ. ಕಡಿಮೆ ಬೆಲೆಯಲ್ಲಿ ಎತ್ತರ ಬೇಕೆಂದರೆ ವೆಡ್ಜ್ ತೆಗೆದುಕೊಳ್ಳಿ. ಷ್ಯಾಂಕ್ ಇಲ್ಲದಿದ್ದರೂ ಅದರ ನಡು ಕುಸಿಯುವುದಿಲ್ಲ.

ವೆಡ್ಜಿಗೂ ಅದರದೇ ಕಾಯಿಲೆಗಳಿವೆ. ಕಾರ್ಕಿನಂತೆ ಕಾಣುವುದು ಹೆಚ್ಚಾಗಿ ಕಾರ್ಕಿನ ತೆಳು ಹಾಳೆ, ಒಳಗಿರುವುದು ಇವಿಎ ಎಂಬ ಸ್ಪಂಜಿನಂಥ ಪ್ಲಾಸ್ಟಿಕ್, ಅಥವಾ ಪಿಯು, ಅಂದರೆ ಪಾಲಿಯುರೆಥೇನ್. ಎತ್ತಿದಾಗ ಹಗುರ ಎನ್ನಿಸಿ, ಉಗುರು ಒತ್ತಿದಾಗ ಗುಳಿ ಬಿದ್ದು ನಿಧಾನಕ್ಕೆ ಮೇಲೇಳುವುದು ಇವಿಎ. ತೊಡಲು ಹಿತ, ಆದರೆ ಕೆಲವು ತಿಂಗಳಲ್ಲಿ ಹಿಂಬಡದ ಹೊರ ಅಂಚು ಒತ್ತಿಹೋಗಿ ಜೋಡು ಪಕ್ಕಕ್ಕೆ ವಾಲುತ್ತದೆ. ಪಿಯು ಆಕಾರ ಬಿಡುವುದಿಲ್ಲ, ಅದಕ್ಕೆ ತೇವವೇ ವೈರಿ. ಇಡೀ ದಿಮ್ಮಿ ಬಾಗುವುದಿಲ್ಲವಾದ್ದರಿಂದ ಪ್ರತಿ ಹೆಜ್ಜೆಗೂ ಮುಂದಿನ ತುದಿಯ ಅಂಟಿನ ಮೇಲೆ ಎಳೆತ ಬೀಳುತ್ತದೆ. ಬೆರಳ ತುದಿಯ ಕಡೆ ಸೋಲ್ ನೆಲದಿಂದ ಸುಮಾರು 1 ಸೆಂ.ಮೀ. ಮೇಲೆದ್ದಿದ್ದರೆ ಕಾಲು ಉರುಳಿ ಸಾಗುತ್ತದೆ, ಅಂಟೂ ಬಾಳುತ್ತದೆ. ಮುಂದೆ ಪೂರ್ತಿ ಚಪ್ಪಟೆಯಾಗಿರುವ ಗಟ್ಟಿ ವೆಡ್ಜ್ ಬೇಡ.

ಪೆನ್ಸಿಲ್ ಹೀಲಿಗೆ ಉಕ್ಕು ಎರಡು ಕಡೆ ಬೇಕು, ನಡುವಿಗೊಂದು, ಹಿಂಬಡದೊಳಗೊಂದು. ಮರದಲ್ಲಿ ಇಷ್ಟು ತೆಳ್ಳಗೆ ಕೆತ್ತಿದರೆ ಅದು ಮುರಿಯುತ್ತಿತ್ತು. 1950ರ ದಶಕದಲ್ಲಿ ಹಿಂಬಡದೊಳಗೆ ಲೋಹದ ಸರಳು ಬಂದು, ಬಳಿಕ ಅದರ ಸುತ್ತ ಪ್ಲಾಸ್ಟಿಕ್ ಎರಕ ಹೊಯ್ಯುವ ವಿಧಾನ ಬಂದ ಮೇಲೆ ಇದು ಕೈಗೂಡಿತು. ಪ್ಯಾರಿಸ್ಸಿನ ಉಡುಗೆ ವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್‌ಗಾಗಿ ರೋಜೆ ವಿವಿಯೆ ಮಾಡಿದ ಜೋಡುಗಳು, ಇಟಲಿಯಲ್ಲಿ ಫೆರಗಾಮೊ ಮಾಡಿದವು ಆ ಕಾಲದ ಎತ್ತರದ ಕೆಲಸ. ಈಗ ಪ್ಯಾಟಿಯಲ್ಲಿ ಪರೀಕ್ಷಿಸುವ ಬಗೆ ಹೀಗೆ: ಜೋಡನ್ನು ಮಗುಚಿ ಹಿಡಿದು, ತುದಿಯನ್ನು ಹೆಬ್ಬೆರಳಿನಿಂದ ಸೋಲಿನ ಕಡೆಗೆ ಒತ್ತಿ. ತೆಳುವಾದ ಭಾಗ ಬಿಲ್ಲಿನಂತೆ ಮಣಿದರೆ ಒಳಗೆ ಸರಳಿಲ್ಲ, ಇಲ್ಲವೇ ಅರ್ಧಕ್ಕೇ ನಿಂತಿದೆ. ಆಯಸ್ಕಾಂತವನ್ನು ತುದಿಯಿಂದ ಮೇಲಕ್ಕೆ ಸರಿಸುತ್ತ ಹೋದರೆ ಸರಳು ಎಲ್ಲಿಯವರೆಗಿದೆ ಎಂಬುದೂ ತಿಳಿಯುತ್ತದೆ. ಎರಡೂ ಉಕ್ಕು ಇರುವ ಪೆನ್ಸಿಲ್ ಹೀಲ್ ಸುಂದರವಾದ, ಗೌರವಕ್ಕೆ ಅರ್ಹವಾದ ಕುಶಲ ವಸ್ತು. ಟೈಲ್ಸ್ ಇರುವ ಹಾಲಿನೊಳಗೆ ಎರಡು-ಮೂರು ತಾಸಿಗೆ ಅದು ಚೆಂದ. ಬೀದಿಬದಿಯ ಸರಕಿನಲ್ಲಿ ಮಾತ್ರ ಇದನ್ನು ಕೊಳ್ಳಲೇಬೇಡಿ. ಇಲ್ಲಿ ಸೋತರೆ ಹೋಗುವುದು ದುಡ್ಡಷ್ಟೇ ಅಲ್ಲ, ಪಾದದ ಕೀಲೂ ಉಳುಕುತ್ತದೆ.

ಪ್ಲಾಟ್‌ಫಾರ್ಮಿನ ಬಗ್ಗೆ ಎರಡೇ ಮಾತು. ವೆನಿಸ್ಸಿನ ಹೆಂಗಸರು 15-16ನೇ ಶತಮಾನದಲ್ಲಿ ತೊಡುತ್ತಿದ್ದ ಚೊಪೀನ್ ಎಂಬ ದಪ್ಪ ಅಡಿಯ ಜೋಡುಗಳಲ್ಲಿ ಕೆಲವು 50 ಸೆಂ.ಮೀ. ಮುಟ್ಟುತ್ತಿದ್ದವು, ನಡೆಯಲು ಇಬ್ಬದಿಯಲ್ಲಿ ಸೇವಕಿಯರ ಆಸರೆ ಬೇಕಾಗುತ್ತಿತ್ತು. ಇಂದಿನದಕ್ಕೆ ಲೆಕ್ಕ ಏನೆಂದರೆ, ಹಿಂಬಡದ ಎತ್ತರದಲ್ಲಿ ಮುಂಭಾಗದ ದಪ್ಪ ಕಳೆಯಿರಿ. 10 ಸೆಂ.ಮೀ. ಹಿಂಬಡಕ್ಕೆ 3 ಸೆಂ.ಮೀ. ಮುಂಭಾಗವಿದ್ದರೆ ಪಾದ ಅನುಭವಿಸುವ ಏರು 7 ಸೆಂ.ಮೀ. ಮಾತ್ರ. ಏರು ಕಡಿಮೆಯಾದಂತೆ ಬೆರಳ ಬುಡಕ್ಕೆ ಬೀಳುವ ಭಾರವೂ ಕಡಿಮೆ. ಆದರೆ ನೆಲ ಕಾಲಿಗೆ ತಿಳಿಯುವುದಿಲ್ಲ, ಆದ್ದರಿಂದ ಹೊರಳುವ ಅಪಾಯ ಹೆಚ್ಚು. ಮೆಟ್ಟಿಲು ಹತ್ತಿಳಿಯುವವರಿಗೆ ಇದು ಬೇಡ.

ನಾಲ್ಕರಾಚೆ ಕಿಟನ್ ಹೀಲ್ ಎಂಬ 3.5ರಿಂದ 5 ಸೆಂ.ಮೀ.ನ ಗಿಡ್ಡ ಪೆನ್ಸಿಲ್ ಒಂದಿದೆ. ಹುಬ್ಬಳ್ಳಿಯಲ್ಲಿ ಆಯ್ಕೆ ಕಡಿಮೆ, ಸಿಕ್ಕರೆ ಕಚೇರಿಗೆ ಬಹಳ ಒಳ್ಳೆಯದು.

ಅಳತೆಯಲ್ಲಿ ಆಗುವ ತಪ್ಪು ಒಂದೇ ಬಗೆಯದು. ಕಾಲು ಮುಂದಕ್ಕೆ ಜಾರಿ ಬೆರಳು ಒತ್ತಿದಾಗ ಒಂದು ನಂಬರ್ ದೊಡ್ಡದು ಕೊಡಿ ಎನ್ನುತ್ತೇವೆ. ಭಾರತದಲ್ಲಿ ಬಳಸುವ ಬ್ರಿಟಿಷ್ ನಂಬರಿನಲ್ಲಿ ಒಂದು ಹೆಚ್ಚಾದರೆ ಉದ್ದ ಸುಮಾರು 8.5 ಮಿ.ಮೀ. ಏರುತ್ತದೆ, ಯುರೋಪಿನ ನಂಬರಿನಲ್ಲಿ 6.7 ಮಿ.ಮೀ. ಉದ್ದ ಹೆಚ್ಚಿದಂತೆ ಕಾಲು ಇನ್ನೂ ಮುಂದಕ್ಕೆ ಜಾರುತ್ತದೆ, ಕಮಾನು ಜೋಡಿನ ಕಮಾನಿನ ಮೇಲೆ ಕೂರುವುದಿಲ್ಲ, ಇಡೀ ಭಾರ ಬೆರಳ ಬುಡಕ್ಕೆ ಬರುತ್ತದೆ. ಬೇಕಾದದ್ದು ಅಗಲ, ಇಲ್ಲವೇ ಪಾದದ ಮೇಲೆ ಹಾಯುವ ಪಟ್ಟಿ. ಚಪ್ಪಲಿಯಲ್ಲೇ ಬೆಳೆದ ನಮ್ಮ ಕಾಲುಗಳ ಮುಂಭಾಗ ಅಗಲ. ಚೂಪು ಮೂತಿಯ ಮುಚ್ಚಿದ ಜೋಡಿನಲ್ಲಿ ಕಾಲುಂಗುರ ಪಕ್ಕದ ಬೆರಳಿಗೆ ಒತ್ತಿ ಗಾಯ ಮಾಡುತ್ತದೆ. ಕಾಲುಂಗುರ ತೊಡುವವರು ಮುಂದೆ ತೆರೆದಿರುವುದನ್ನೇ ಆರಿಸಿ, ಕಾಲ್ಚೈನು ಇದ್ದರೆ ಬಕಲ್ ಹೊರಬದಿಗಿದೆಯೇ ನೋಡಿ. ಜೋಡು ಕೊಳ್ಳಲು ಸಂಜೆ ಹೋಗಿ, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಇಳಕಲ್ ಸೀರೆ ಉಡುವವರು ಮೊದಲು ಹೀಲ್ಸ್ ತೊಟ್ಟು ಆಮೇಲೆ ನೆರಿಗೆ ಹಿಡಿಯಬೇಕು. ನೆರಿಗೆ ಮೊದಲಾದರೆ ಅಂಚು ಮೇಲಾಗಿ ಕಣಕಾಲು ಕಾಣುತ್ತದೆ. ಉದ್ದ ಹೆಚ್ಚು ಬಿಟ್ಟರೆ ಅಂಚು ಹಿಂಬಡಕ್ಕೆ ಸಿಕ್ಕಿ ಹರಿಯುತ್ತದೆ.

ದಿನವೂ ಎತ್ತರ ತೊಡುವವರಿಗೆ ಒಂದು ಎಚ್ಚರಿಕೆ. ವರ್ಷಗಟ್ಟಲೆ 5 ಸೆಂ.ಮೀ.ಗಿಂತ ಎತ್ತರದ ಹೀಲ್ಸ್ ತೊಟ್ಟವರಲ್ಲಿ ಮೀನಖಂಡದ ಸ್ನಾಯು ಗಿಡ್ಡವಾಗಿ, ಹಿಂಬಡಕ್ಕೆ ಕೂಡುವ ಕಂಡರ ಗಡುಸಾಗಿದ್ದನ್ನು 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಅಂಥವರಿಗೆ ಬರಿಗಾಲಲ್ಲಿ ನಡೆಯುವಾಗಲೇ ಎಳೆತ, ನೋವು. ಒಂದು ದಿನ ಎತ್ತರ, ಒಂದು ದಿನ ತಗ್ಗು ಎಂದು ಬದಲಿಸಿ ತೊಡಿ. ರಾತ್ರಿ ಗೋಡೆಗೆ ಕೈಕೊಟ್ಟು ಮೀನಖಂಡವನ್ನು ಚಾಚಿ.

ಇನ್ನು ರಿಪೇರಿ. ಪ್ಯಾಟಿಯ ಹಾದಿಬದಿಯಲ್ಲಿ ಕೂರುವ ನಮ್ಮ ಕುಶಲಿಗರ ಹೊಲಿಗೆ ಅತ್ಯುತ್ತಮ. ಪಟ್ಟಿ ಕಿತ್ತಾಗ, ಬಕಲ್ ಹೋದಾಗ ಕಣ್ಣುಮುಚ್ಚಿ ಕೊಡಬಹುದು. ಹೀಲ್ ತುದಿ ಬದಲಿಸುವಾಗ ಮಾತ್ರ ಪಕ್ಕದಲ್ಲಿ ನಿಂತು ಹೇಳಬೇಕು. ತುದಿಗೆ ಕೂಡಿಕೊಂಡೇ ಒಂದು ಲೋಹದ ಕಡ್ಡಿ ಇರುತ್ತದೆ, ಅದು ಹಿಂಬಡದ ತೂತಿನಲ್ಲಿ ಬಿಗಿಯಾಗಿ ಕೂರುತ್ತದೆ. ಹಳೆಯದನ್ನು ಇಕ್ಕಳದಿಂದ ನೇರವಾಗಿ ಎಳೆದು ತೆಗೆದು, ಅದೇ ದಪ್ಪದ ಕಡ್ಡಿಯಿರುವ ಹೊಸ ತುದಿಯನ್ನು ಬಡಿದು ಕೂರಿಸಿ, ಅಂಚನ್ನು ಕತ್ತರಿಸಿ ಅರದಿಂದ ಉಜ್ಜಿದರೆ ಕೆಲಸ ಮುಗಿಯಿತು. ಇದರ ಬದಲು ಟೈರಿನ ರಬ್ಬರ್ ಕತ್ತರಿಸಿ ಮೊಳೆ ಹೊಡೆದರೆ ಪ್ಲಾಸ್ಟಿಕ್ ಹಿಂಬಡ ಸೀಳುತ್ತದೆ, ಆಮೇಲೆ ಯಾವ ತುದಿಯೂ ನಿಲ್ಲುವುದಿಲ್ಲ. ತೂತು ಸಡಿಲಾಗಿದ್ದರೆ ಮರದ ಸಣ್ಣ ಚಕ್ಕೆಗೆ ಅಂಟು ಹಚ್ಚಿ ತುಂಬಿಸಿ ಆಮೇಲೆ ಕಡ್ಡಿ ಕೂರಿಸಲು ಹೇಳಿ. ಒಂದು ಕಾಲಿನದು ಸವೆದಿದ್ದರೂ ಎರಡನ್ನೂ ಬದಲಿಸಿ, ಇಲ್ಲದಿದ್ದರೆ ಮೂರು-ನಾಲ್ಕು ಮಿ.ಮೀ. ಏರುಪೇರು ಸೊಂಟಕ್ಕೆ ತಾಗುತ್ತದೆ. ಸೋಲ್ ಬಿಟ್ಟಾಗ ಸಲ್ಯೂಷನ್ನನ್ನು ಎರಡೂ ಮೈಗೆ ಹಚ್ಚಿ, ಹತ್ತು-ಹದಿನೈದು ನಿಮಿಷ ಆರಲು ಬಿಟ್ಟು, ಬೆರಳಿಗೆ ಅಂಟಂಟು ಎನ್ನುವಾಗ ಒತ್ತಬೇಕು. ಗಿರಾಕಿಯ ಅವಸರಕ್ಕೆ ಹಸಿಯಿರುವಾಗಲೇ ಒತ್ತಿದ್ದು ವಾರದಲ್ಲಿ ಮತ್ತೆ ಬಿಡುತ್ತದೆ. ಹೀಲ್ ಎತ್ತರವಾಯಿತು, ಕತ್ತರಿಸಿಕೊಡಿ ಎಂದು ಕೇಳುವವರಿದ್ದಾರೆ. 1 ಸೆಂ.ಮೀ.ಗಿಂತ ಹೆಚ್ಚು ಕತ್ತರಿಸಿದರೆ ಷ್ಯಾಂಕಿನ ಕೋನ ಕೆಡುತ್ತದೆ, ಮೂತಿ ಮೇಲೇಳುತ್ತದೆ.

ಮದುವೆಗೆಂದು ಕೊಂಡು ಡಬ್ಬಿಯಲ್ಲಿಟ್ಟ ಜೋಡು ಮೂರು-ನಾಲ್ಕು ವರ್ಷದ ಮೇಲೆ ತೆಗೆದಾಗ ಸೋಲ್ ಪುಡಿಪುಡಿಯಾಗಿ ಉದುರುವುದು ಪಿಯುವಿನ ಸ್ವಭಾವ. ಗಾಳಿಯ ತೇವ ಅದರ ಒಳಬಂಧಗಳನ್ನು ನಿಧಾನವಾಗಿ ಕಡಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವ ಒಳಗೇ ಉಳಿದು ಇನ್ನೂ ಬೇಗ. ಬಟ್ಟೆಯ ಚೀಲದಲ್ಲಿ, ಒಳಗೆ ಪೇಪರ್ ತುರುಕಿ, ಗಾಳಿಯಾಡುವ ಕಡೆ ಇಡಿ. ಧಾರವಾಡದ ಮಳೆಗಾಲ ಕಳೆದ ಮೇಲೆ ಒಮ್ಮೆ ತೆಗೆದು ನೆರಳಲ್ಲಿ ಆರಿಸಿ, ಮನೆಯೊಳಗೇ ಒಂದಿಷ್ಟು ನಡೆದಾಡಿ.

ಒಟ್ಟಾರೆ ಸರಕಿಗೆ ನಮ್ಮ ಆಯ್ಕೆ 5-6 ಸೆಂ.ಮೀ.ನ, ಕಣಕಾಲಿಗೆ ಪಟ್ಟಿಯಿರುವ, ಷ್ಯಾಂಕ್ ಖಾತ್ರಿಯಾದ ಬ್ಲಾಕ್. ದುಡ್ಡು ಕಡಿಮೆಯಿದ್ದರೆ ಮೂತಿ ಮೇಲೆದ್ದ ವೆಡ್ಜ್. ಬಿಲ್ ಮಾಡಿಸುವ ಮುನ್ನ ಡಬ್ಬಿಯೊಳಗೆ ಹೆಚ್ಚುವರಿ ತುದಿಗಳ ಪುಟ್ಟ ಪೊಟ್ಟಣ ಇದೆಯೇ ಎಂದು ಕೇಳಿ. ಕೆಲವು ತಯಾರಕರು ಕೊಟ್ಟಿರುತ್ತಾರೆ, ಸರಕು ಜೋಡಿಸುವಾಗ ಅದು ಕಪಾಟಿನಲ್ಲೇ ಉಳಿದಿರಬಹುದು. ಅದರ ಕಡ್ಡಿ ನಿಮ್ಮ ಹಿಂಬಡದ ತೂತಿಗೆ ಸರಿಯಾಗಿ ಕೂರುತ್ತದೆ, ಪ್ಯಾಟಿಯಲ್ಲಿ ಬಿಡಿಯಾಗಿ ಹುಡುಕಿದರೆ ಆ ಅಳತೆ ಸಿಗುವುದು ಕಷ್ಟ.